ಕೊಕ್ಕೆಯೊಳಗಿನ ಸಾಲು

“ಕಪಾಟಿನ ಮೂಲೆಯ ಡಿಸ್ಕು ಕೇಳು, ಬೇಕಾದರೆ ಹಗಲೆಲ್ಲ ಕೇಳು. ಅದರ ಸಾಲನ್ನು ಮಾತ್ರ ಕೊಕ್ಕೆ ಹಾಕಿ ಹುಡುಕಬೇಡ.”

ಹಳೆ ಗ್ರಾಮಫೋನ್ ಡಿಸ್ಕುಗಳ ಅಂಗಡಿಯ ಯಜಮಾನ ಇಷ್ಟನ್ನು ಚೀಟಿಯಲ್ಲಿ ಬರೆದು ಮುಂದಕ್ಕೆ ತಳ್ಳಿದ. ಆ ಮನುಷ್ಯ ಬಾಯಿ ಬಿಡುವವನೇ ಅಲ್ಲ. ಒಂಬತ್ತು ವರ್ಷದಿಂದ ಅವನ ವ್ಯವಹಾರವೆಲ್ಲ ಚೀಟಿಯಲ್ಲೇ. ಹೊಸದಾಗಿ ಕೆಲಸಕ್ಕೆ ಸೇರಿದವನು ಓದಿ ಪಕಪಕ ನಕ್ಕ.

“ಇಂಟರ್ನೆಟ್ಟಿಗೂ ಮಾಟ ಮಾಡಿಸಿದಾರಾ ಸಾರ್? ನಮ್ಮ ಕಂಪ್ಯೂಟರ್‌ಗೊಂದು ತಾಯತ ಕಟ್ಟಿಬಿಡಿ ಹಂಗಾದ್ರೆ!”

ಯಜಮಾನ ಇನ್ನೊಂದು ಚೀಟಿ ಬರೆದ: “ಸುಟ್ಟು ನೋಡಿದೆ. ಮಾರನೆಯ ದಿನ ಕಪಾಟಿನಲ್ಲೇ ಇತ್ತು.” ಆಮೇಲೆ ಛತ್ರಿ ಹಿಡಿದು ಊಟಕ್ಕೆ ಹೊರಟುಹೋದ.

ಹೊಸಬನ ಕೆಲಸವೇ ಹುಡುಕುವುದು. ಲೇಬಲ್ಲು ಹರಿದ, ಹೆಸರು ಅಳಿಸಿದ ಡಿಸ್ಕುಗಳನ್ನು ಹಾಕಿ, ಹಾಡಿನ ಒಂದು ಸಾಲು ಕೇಳಿ, ಅದರ ಹಿಂದೆ ಮುಂದೆ ಉದ್ಧರಣ ಚಿಹ್ನೆಯ ಕೊಕ್ಕೆ ಜಡಿದು ಇಂಟರ್ನೆಟ್ಟಿನಲ್ಲಿ ಹುಡುಕುವುದು. ಅಕ್ಷರ ಆಚೀಚೆ ಆಗಕೂಡದು. ಸಿಕ್ಕರೆ ಹಾಡಿನ ಕುಲಗೋತ್ರವೆಲ್ಲ ಗೊತ್ತಾದಂತೆ. ಈ ಚಟಕ್ಕೇ ಹೆಂಡತಿ ಅವನನ್ನು ಕೊಕ್ಕೆರಾಯ ಎಂದು ಕರೆಯುತ್ತಿದ್ದಳು. ಪಾಪ, ಅವಳಿಗೆ ಎರಡೂ ಕಣ್ಣಿಲ್ಲ. ಹಗಲೆಲ್ಲ ಒಳಗಿನಿಂದ ಚಿಲಕ ಹಾಕಿಕೊಂಡೇ ಇರುತ್ತಾಳೆ; ಗಂಡನ ದನಿ ಕೇಳದೆ ಯಾರಿಗೂ ತೆಗೆಯುವುದಿಲ್ಲ. ದಿನವೂ ಅಂಗಡಿ ಬಿಡುವಾಗ ಅವನ ಫೋನು ಹೋಗಲೇಬೇಕು: “ಹೊರಟೆ ಕಣೆ, ಚಿಲಕ ತೆಗೆದಿಡು.”

ಯಜಮಾನನ ಬೆನ್ನು ತಿರುಗಿತೋ ಇಲ್ಲವೋ, ಕೊಕ್ಕೆರಾಯ ಕಪಾಟಿನ ಮೂಲೆಯಿಂದ ಆ ಡಿಸ್ಕನ್ನು ಎಳೆದ. ಥೂ! ಕೈಗೆ ಜಿಡ್ಡು ಮೆತ್ತಿತು. ಕೊಳೆತ ಕೊಬ್ಬಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಳದಿ ಲೋಳೆಯೊಳಗೆ ನೆರೆತ ಕೂದಲೊಂದು ಅಂಟಿಕೊಂಡಿತ್ತು. ನಮ್ಮ ನಿಮ್ಮಂಥವರು ಅಲ್ಲೇ ಬಿಸಾಕಿ ಕೈ ತೊಳೆಯುತ್ತಿದ್ದೆವು. ಇವನು ಬಿಟ್ಟಾನೆಯೇ! ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದ.

ಕಫ ಕಟ್ಟಿದ ಗಂಟಲಿನ ಮುದುಕಿಯೊಬ್ಬಳು ಹಾಡಿದಳು: “ನನ್ನ ದನಿ ನಿನಗಿರಲಿ, ನಿನ್ನ ದನಿ ನನಗೆ...” ಅಷ್ಟಕ್ಕೆ ಮುಳ್ಳು ಕೊಳೆಯಲ್ಲಿ ಸಿಕ್ಕಿ ಹಿಂದಕ್ಕೆ ಜಾರಿತು. ಮತ್ತೆ ಅದೇ. ಇದ್ದಷ್ಟನ್ನು ಕೊಕ್ಕೆ ಹಾಕಿ ಹುಡುಕಿದ. ಏನೂ ಇಲ್ಲ.

ಅವನಿಗೆ ರೇಗಿಹೋಯಿತು. ಕೊನೆಯ ಪದವಿಲ್ಲದೆ ಹುಡುಕಾಟ ಅರೆಬರೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಉಜ್ಜಿದ. ಒರೆಸಿದಷ್ಟೂ ಲೋಳೆ ಬೆಚ್ಚಗೆ ಒಸರಿತು, ಬೆವರಿದ ಮೈ ಒರೆಸಿದ ಹಾಗೆ. ಉಗುರಿನಿಂದ ಕೆರೆದು ಕೆರೆದು ಆ ಜಾಗ ಚೊಕ್ಕ ಮಾಡಿದ. ಮುಳ್ಳು ಈ ಸಲ ದಾಟಿತು.

“...ಕೊಡು.”

ಇಡೀ ಸಾಲು ಟೈಪಿಸಿದ. ಹಿಂದೊಂದು ಕೊಕ್ಕೆ, ಮುಂದೊಂದು ಕೊಕ್ಕೆ. ಎಂಟರ್ ಒತ್ತಿದ.

ಒಂದೇ ಒಂದು ಫಲಿತಾಂಶ. ಪುಟ ತೆರೆಯಿತು. ಅದೇ ಸಾಲು. ಅದರ ಕೆಳಗೆ ಇನ್ನೊಂದು: “ಹೊರಟೆ ಕಣೆ, ಚಿಲಕ ತೆಗೆದಿಡು.”

ಡಿಸ್ಕು ತಿರುಗುತ್ತಲೇ ಇತ್ತು. ಈಗ ಅದರಲ್ಲಿ ಮುದುಕಿ ಇರಲಿಲ್ಲ. ಅವನದೇ ದನಿ ಇತ್ತು. ಆ ಮಾತನ್ನೇ ಆಡುತ್ತಿತ್ತು. ಒಮ್ಮೆ. ಎರಡು ಸಲ. ಆಮೇಲೆ ಕ್ಲಿಕ್ಕೆಂದು ನಿಂತಿತು. ಪ್ಲೇಯರಿನಿಂದ ಬಾಗಿಲವರೆಗೆ, ಹೊಸ್ತಿಲು ದಾಟಿ ರಸ್ತೆಗೆ, ಒದ್ದೆ ಒದ್ದೆ ಹೆಜ್ಜೆ ಮೂಡಿದ್ದವು.

ಅಯ್ಯೋ ದೇವರೇ ಎನ್ನಹೋದ. ಬಾಯೊಳಗೆ ಚರಂಡಿಯ ರುಚಿ. ನಾಲಿಗೆಯ ಮೇಲೆ ಕೂದಲು ಕೂದಲು. ಹೊರಬಿದ್ದದ್ದು ಆ ಮುದುಕಿಯ ಗೊರಗೊರ ದನಿ. ಯಜಮಾನ ಒಂಬತ್ತು ವರ್ಷ ಬಾಯಿ ಬಿಡದಿದ್ದದ್ದು ಯಾಕೆಂದು ಆಗ ಅರ್ಥವಾಯಿತು.

ಹೆಂಡತಿಗೆ ಫೋನು ಹಚ್ಚಿದ. “ನಾನು ಕಣೆ! ಬಾಗಿಲು ತೆಗೀಬೇಡ!”

“ಯಾರಮ್ಮ ನೀವು?” ಹೆಂಡತಿ ಗಾಬರಿಯಾದಳು. “ನಮ್ಮೆಜಮಾನ್ರ ಫೋನು ನಿಮ್ಮ ಕೈಗೆ ಹೇಗೆ ಬಂತು? ಅವರು ಈಗ ತಾನೆ ಬೀದಿಯಿಂದ ಕೂಗಿದ್ರು, ಮನೆ ಹತ್ರಾನೇ ಇದೀನಿ ಅಂತ.”

ಫೋನು ಕಟ್ಟಾಯಿತು. ಅವನು ಓಡಿದ. ಉರಿಬಿಸಿಲು. ಎರಡು ಬೀದಿ. ಒಂದು ತಿರುವು. ಹೆಜ್ಜೆಗಳು ಮುಂದೆ ಮುಂದೆ ಹೋಗಿದ್ದವು, ನೊಣ ಮುತ್ತಿಕೊಂಡು. ಏದುಸಿರು. ಮೆಟ್ಟಿಲು. ಬಾಗಿಲು. ಒಳಗಿನಿಂದ ಚಿಲಕ ಬಿದ್ದಿತ್ತು.

ದಬದಬ ಬಡಿದ. “ತೆಗಿಯೇ! ಅದು ನಾನಲ್ಲ! ಹೊರಗಿರೋನು ನಾನು!”

“ರೀ, ಫೋನಿನಲ್ಲಿ ಮಾತಾಡಿದ ಹೆಂಗಸು!” ಒಳಗೆ ಹೆಂಡತಿ ಬೆದರಿ ನುಡಿದಳು. “ಇಲ್ಲಿಗೂ ಬಂದಿದಾಳೆ ರೀ!”

“ಯಾರೋ ಹುಚ್ಚಿ ಇರ್ಬೇಕು, ತೆಗೀಬೇಡ,” ಎಂದಿತು ಅವನ ದನಿ, ಅವನದೇ ಅಕ್ಕರೆಯಲ್ಲಿ. “ನಾನಿದೀನಲ್ಲ. ಹತ್ರ ಬಾ.”

ಅವನು ಬಾಗಿಲಿಗೆ ಹಣೆ ಚಚ್ಚಿಕೊಂಡ. ಸಂದಿಯಿಂದ ಕೊಳೆತ ಕೊಬ್ಬಿನ ವಾಸನೆ ಬರುತ್ತಿತ್ತು. ಒಳಗೆ ಬಳೆಗಳ ಸದ್ದಾಯಿತು. ಅವಳು ತಡಕಾಡುತ್ತ ಹತ್ತಿರ ಹೋಗುತ್ತಿದ್ದಳು. ಆಮೇಲೆ ಅವಳ ಮಾತು ಕೇಳಿಸಿತು.

“ಯಾಕ್ರೀ, ನಿಮ್ಮ ಕೈ ಇಷ್ಟು ಜಿಡ್ಡು?”