ಅಲಗಿಲ್ಲದ ರಾಜ್ಯಕ್ಕೆ ಬಂದ ಸಾಣೆಯವಳು

"ಅಜ್ಜಾ, ಸೂಲಗಿತ್ತಿ ಪುಟ್ಟತಾಯಿ ಮನೆಗೆ ದಾರಿ ಯಾವುದು? ಈ ಹುಣಸೆಮರಾನ ಮೂರು ಸಲ ನೋಡ್ದೆ. ನಾನು ಸುತ್ತುತ್ತಿದ್ದೀನೋ, ಅದೇ ನನ್ನ ಹಿಂದೆ ಬರ್ತಿದೆಯೋ?"

ಬಹಳ ಕಾಲದ ಹಿಂದೆ, ಬೆಟ್ಟಗಳಾಚೆಯ ಕುಸುಮಾವತಿ ರಾಜ್ಯದಲ್ಲಿ ಹೀಗೆ ಕೇಳಿದವಳು ದ್ಯಾವಕ್ಕ. ಸಾಣೆಕಲ್ಲು ಹೊತ್ತು ದೇಶ ದೇಶ ಸುತ್ತಿ ಕತ್ತಿ ಕುಡುಗೋಲು ಹರಿತ ಮಾಡಿಕೊಡುವವಳು. ಹಿಂದೊಮ್ಮೆ ಅವಳು ಬೇಟೆಗಾರರ ಬಲೆಗೆ ಸಿಕ್ಕಿಕೊಂಡಾಗ ಪುಟ್ಟತಾಯಿ ಬಲೆ ಕೊಯ್ದು ಬಿಡಿಸಿದ್ದಳು. ಆಗ ಪುಟ್ಟತಾಯಿಯ ಚೂರಿ ಮುಕ್ಕಾಯಿತು. ಸಾಣೆ ಹಿಡಿದುಕೊಡುತ್ತೇನೆಂಬ ಮಾತು ಬಾಕಿ ಉಳಿದಿತ್ತು.

ಅಜ್ಜನ ಗಡ್ಡ ಮೊಣಕಾಲು ಮುಟ್ಟುತ್ತಿತ್ತು. "ಅವಳು ನಮ್ಮನೇಲೇ ಇದ್ದಾಳೆ ಕಣವ್ವ. ಮಗಳು ಹೆತ್ತಳು, ಹೊಕ್ಕುಳಬಳ್ಳಿ ಕೊಯ್ಯೋಕೆ ಅಲಗಿಲ್ಲ. ಸೂರ್ಯ ಮುಳುಗೋದ್ರೊಳಗೆ ಕೊಯ್ಯದಿದ್ರೆ ಮಗು ಉಳಿಯಲ್ಲ. ಮಾಂತ್ರಿಕ ಧೂಮಸೇನ ರಾಜ್ಯದ ಹರಿತವನ್ನೆಲ್ಲ ಕದ್ದು ತನ್ನ ಖಡ್ಗಕ್ಕೆ ತುಂಬ್ಕೊಂಡಿದ್ದಾನೆ. ಎಷ್ಟು ಸಾಣೆ ಹಿಡಿದ್ರೂ ಯಾವ ಅಲಗೂ ಹರಿತ ಆಗಲ್ಲ. ಆ ಖಡ್ಗ ಅವನ ಕೈಬಿಟ್ರೆ ಹರಿತ ಅವರವರ ಮನೆಗೆ ಹೋಗುತ್ತೆ. ಅದಕ್ಕೇ ನಿದ್ದೇಲೂ ಹಿಡಿದೇ ಇರ್ತಾನೆ."

ಅಜ್ಜ ತೋರಿಸಲೆಂದು ತನ್ನ ಕುಡುಗೋಲನ್ನು ನೆಲದ ಮೇಲಿಟ್ಟ. ದ್ಯಾವಕ್ಕ ಎತ್ತಿಕೊಂಡಳು.

"ಬೆಣ್ಣೇನೂ ಕೊಯ್ಯಲ್ಲ ಇದು. ಕೈಗೇ ಕೊಡಬಹುದಿತ್ತಲ್ಲ?"

"ಕೈಯಿಂದ ಕೈಗೆ ಅಲಗು ಕೊಟ್ರೆ ಜಗಳ ಬರುತ್ತೆ! ನಮ್ಮಲ್ಲಿ ಹಾಲುಹಲ್ಲು ಬೀಳೋ ಮೊದಲೇ ಕಲಿಸಿರ್ತಾರೆ."

"ಧೂಮಸೇನ ಎಲ್ಲಿಯವನು?"

"ಇಲ್ಲಿಯವನೇ. ಹುಟ್ಟಿ ಬೆಳೆದಿದ್ದು ಕೆರೆಯಾಚೆ ಮನೇಲಿ, ಈಗ ಇರೋದು ಕೋಟೇಲಿ."

ದ್ಯಾವಕ್ಕ ಕೋಟೆಯ ದಾರಿ ಹಿಡಿದಳು.

ಮೊದಲ ಬಾಗಿಲಲ್ಲಿ ಆನೆಗಾತ್ರದ ಹಂದಿ. ಕೋರೆ ಬೆಳೆದು ಅದರ ಕೆನ್ನೆಗೇ ಚುಚ್ಚುತ್ತಿತ್ತು. "ತಿಂದುಬಿಡ್ತೀನಿ!"

"ತಿನ್ನುವಿಯಂತೆ. ಮೊದಲು ಕೂತ್ಕೋ, ತೇಯ್ತೀನಿ."

ತೇಯ್ದಳು. ಹಂದಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹದ್ದು. ಕೊಕ್ಕುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಂಡಿದ್ದವು. "ತಿಂದುಬಿಡ್ತೀವಿ!"

"ತಿನ್ನುವಿರಂತೆ. ಯಾವ ತಲೆ ಮೊದಲು?"

ಎರಡೂ ತೇಯ್ದಳು. ಹದ್ದು ದಾರಿ ಬಿಟ್ಟಿತು.

ಮೂರನೆಯ ಬಾಗಿಲಾಚೆ ಧೂಮಸೇನ, ಕೈಯಲ್ಲಿ ಖಡ್ಗ. "ಕಡಿದುಬಿಡ್ತೀನಿ!"

"ಕಡಿಯುವಿರಂತೆ ಸ್ವಾಮಿ. ಆದ್ರೆ ತುದೀಲಿ ಮುಕ್ಕಾಗಿರೋ ಹಾಗಿದೆಯಲ್ಲ?"

"ನನ್ನ ಖಡ್ಗ ಮುಕ್ಕೇ? ಕಣ್ಣುಬಿಟ್ಟು ನೋಡು!"

ದ್ಯಾವಕ್ಕ ಅಂಗೈ ಚಾಚಿದಳು. "ಕೊಡಿ ಹಾಗಾದ್ರೆ."

ಧೂಮಸೇನ ಬೆಚ್ಚಿಬಿದ್ದ. "ಅಲಗನ್ನ ಕೈಗೆ ಕೇಳ್ತೀಯಾ? ಹೆತ್ತವರು ಏನೂ ಕಲಿಸಿಲ್ವ ನಿಂಗೆ?" ಎಂದು ಬೈಯುತ್ತ ಖಡ್ಗವನ್ನು ನೆಲದ ಮೇಲಿಟ್ಟ.

ಇಟ್ಟಮೇಲೆ ಅವನಿಗೆ ನೆನಪಾಯಿತು. ಅಷ್ಟರಲ್ಲಿ ಹರಿತಗಳೆಲ್ಲ ಮೀನಮರಿಗಳಂತೆ ಮಿನುಗುತ್ತ ಕಿಟಕಿಯಿಂದ ಹಾರಿ ಈಳಿಗೆಮಣೆ, ಕ್ಷೌರದ ಕತ್ತಿ, ದರ್ಜಿಯ ಕತ್ತರಿ, ಬಡಗಿಯ ಉಳಿಗಳನ್ನು ಸೇರಿದವು. ಅವನ ಮಾಯೆಯೂ ಅವುಗಳ ಜೊತೆ ಹೋಯಿತು. ಇಡಿಯಾಗಿ ಬೇಯಿಸಿದ ಕುಂಬಳಕಾಯಿ ತಿಂದು ಸಾಕಾಗಿದ್ದ ಜನ ಅಂದು ಹೋಳು ಹೆಚ್ಚಿ ಸಾರು ಮಾಡಿ, ಗಡ್ಡ ಬೋಳಿಸಿ, ಮುಂದೆ ಸುಖವಾಗಿದ್ದರು.

ಸೂರ್ಯ ಬೆಟ್ಟದಂಚಿಗಿಳಿದಿದ್ದ. ಪುಟ್ಟತಾಯಿಯ ಚೂರಿಗೆ ಹರಿತ ಮರಳಿದರೂ ಹಳೆಯ ಮುಕ್ಕು ಹಾಗೇ ಇತ್ತು. ಹೆರಿಗೆಗೆ ಬೇರೆ ಅಲಗು ಮುಟ್ಟುವವಳಲ್ಲ ಅವಳು. ಓಡಿ ಬಂದ ದ್ಯಾವಕ್ಕನ ಮುಂದೆ ಚೂರಿಯನ್ನು ನೆಲದ ಮೇಲಿಟ್ಟಳು. ದ್ಯಾವಕ್ಕ ಎತ್ತಿಕೊಂಡು, ಸಾಣೆ ಹಿಡಿದು, ನೆಲದ ಮೇಲಿಟ್ಟಳು. ಪುಟ್ಟತಾಯಿ ಬಿಸಿನೀರಲ್ಲಿ ತೊಳೆದು ಬಳ್ಳಿ ಕೊಯ್ದಳು. ಮಗು ಊರಿಗೇ ಕೇಳುವಂತೆ ಅತ್ತಿತು.

"ನನ್ನ ಬಾಕಿ ತೀರಿತಲ್ಲ ಅಕ್ಕಾ?"

"ತೀರಿತು ಕಣೆ. ವಾಪಸ್ ಹೋಗೋ ದಾರಿ ಗೊತ್ತಾ?"

"ಹುಣಸೆಮರ ಗೊತ್ತು," ಎಂದಳು ದ್ಯಾವಕ್ಕ, ಸಾಣೆಕಲ್ಲು ಹೆಗಲಿಗೇರಿಸುತ್ತ.