ಹತ್ತಕ್ಕೆ ಎಷ್ಟು ಭಯ?

"ಯಾರದು? ಅಲ್ಲೇ ನಿಂತ್ಕೋ!"

ಅರ್ಧ ಎತ್ತಿದ್ದ ಷಟರ್ ಕೆಳಗಿಂದ ಒಂದು ಮುಖ ಬಗ್ಗಿ ಒಳಗೆ ನೋಡಿತು. ಅಷ್ಟರಲ್ಲಿ ಒಳಗಿದ್ದ ಹುಡುಗಿಯ ಕೈಯಲ್ಲಿದ್ದ ಬಾಟಲಿ ಪುಸ್ ಪುಸ್ ಎಂದಿತ್ತು. ಗಾಜು ಒರೆಸುವ ಸೋಪಿನ ನೀರು ನೇರ ಆ ಮನುಷ್ಯನ ಕಣ್ಣಿಗೆ!

"ಅಯ್ಯೋ ಅಮ್ಮಾ...! ಹೆದರ್ಬೇಡಿ ಮೇಡಂ! ನಾನು ನಿಮಗೆ ಧೈರ್ಯ ಹೇಳೋಕೆ ಬಂದವನು, ಪೊಲೀಸ್ ಇಲಾಖೆಯಿಂದ!"

ಎರಡು ದಿನದ ಹಿಂದೆ ಅವಳ ಕನ್ನಡಕದ ಅಂಗಡಿಗೆ ಕಳ್ಳ ನುಗ್ಗಿ ನಲವತ್ತು ಫ್ರೇಮು ಹೊತ್ತೊಯ್ದಿದ್ದ. ಅಂದಿನಿಂದ ಷಟರ್ ಮುಟ್ಟಿದರೆ ಸಾಕು, ಅವಳ ಕೈ ನಡುಗುತ್ತಿತ್ತು. ಇಂಥವರಿಗೆಂದೇ ಪೊಲೀಸರಲ್ಲಿ ಒಂದು ನೆರವು ವಿಭಾಗವಿದೆ. ಆದರೆ ಅಕ್ಕಪಕ್ಕದ ಎರಡು ಊರಿಗೆ ಸೇರಿ ಒಂದೇ! ಜೀಪು ಪಕ್ಕದೂರಿನದು, ಪೆಟ್ರೋಲು ಈ ಊರಿನದು. ಅಧಿಕಾರಿ ಅವರವನು, ಅವನು ಕೂರುವ ಕುರ್ಚಿ ಇವರದು. ಮಂಗಳವಾರ ಮಾತ್ರ ಈ ಊರಿನ ಪಾಲಿಗೆ ಸಿಗುವ ಆ ಅಧಿಕಾರಿಯೇ ಈಗ ಕಣ್ಣುಜ್ಜುತ್ತಾ ನಿಂತಿದ್ದ.

'ಛೇ... ಕೆಂಪಗಾದ್ರೂ ಎಷ್ಟು ಚಂದ ಇದೆ ಆ ಕಣ್ಣು!'

ಅವನು ಫಾರಂ ತೆಗೆದ. "ಭಯ ಹತ್ತಕ್ಕೆ ಎಷ್ಟಿದೆ?"

"ಒಂಬತ್ತು..."

ಅಂಗಡಿಯ ಹಿಂದೆಯೇ ಮನೆ. ಒಳಗಿನಿಂದ ಅಜ್ಜಿ ಕೂಗಿದರು. "ಟೀ ಕುಡೀತೀಯೇನಪ್ಪಾ?"

"ಬೇಡ ಅಜ್ಜಿ."

ಮೊದಲ ವಾರ ಅವನೇ ಜೊತೆಗೆ ಷಟರ್ ಎತ್ತಿದ. ಎರಡನೇ ವಾರ ಪಕ್ಕದಲ್ಲಿ ಸುಮ್ಮನೆ ನಿಂತ. ಮೂರನೇ ವಾರ ರಸ್ತೆಯಾಚೆ ನಿಂತು, "ಎತ್ತಿ, ನಾನಿದೀನಿ" ಎಂದ. ಒಂಬತ್ತಿದ್ದದ್ದು ಐದಾಯಿತು, ನಾಲ್ಕನೇ ವಾರ ಎರಡಾಯಿತು.

"ಒಂದಕ್ಕೆ ಇಳಿದ್ರೆ ಫೈಲ್ ಕ್ಲೋಸ್! ಆಮೇಲೆ ನಾನು ಬರಲ್ಲ" ಎಂದ ಖುಷಿಯಿಂದ.

ಅವಳ ಎದೆ ಧಸಕ್ಕೆಂದಿತು. 'ಬರಲ್ವಾ?!'

ಮುಂದಿನ ಮಂಗಳವಾರ ಭಯ ನಾಲ್ಕಾಯಿತು. ಅದರ ಮುಂದಿನ ವಾರ ಆರು! ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ. ಇಲ್ಲಿ ನೋಡಿದರೆ ಕಳುವಾದದ್ದೂ ಅವಳ ಅಂಗಡಿಯಲ್ಲೇ, ಹುಳ್ಳಗಾದದ್ದೂ ಅವಳ ಮುಖವೇ.

ಎಂಟನೇ ವಾರ ಅವನು ಹೋದ ಮೇಲೆ ಅಜ್ಜಿ ಸಿಡುಕಿದರು. "ಕಳ್ಳ ಬಂದಿದ್ದು ಒಂದೇ ಸಲ. ಈ ಪೊಲೀಸಪ್ಪ ಎಂಟು ಸಲ ಬಂದ! ಒಂದು ದಿನಾನಾದ್ರೂ ಟೀ ಮುಟ್ಟಿದ್ನಾ? ನಮ್ಮನೆ ಟೀ ಸೇರಲ್ವೋ, ನಮ್ಮ ಹುಡುಗಿ ಸೇರಲ್ವೋ!"

'ಹೌದಲ್ಲ... ಅವರಿಗೆ ನಾನು ಬರೀ ಒಂದು ಫಾರಂ.'

ಒಂಬತ್ತನೇ ವಾರ ಅವನ ಮುಖ ಸಪ್ಪಗಿತ್ತು.

"ತಪ್ಪು ನನ್ನದೇ. ನಿಮ್ಮ ಭಯ ಇಳಿಸೋಕೆ ನನ್ನ ಕೈಲಿ ಆಗ್ತಿಲ್ಲ. ಮೇಲಿನವರನ್ನ ಕಾಡಿ ಬೇಡಿ ಇನ್ನೊಂದು ತಿಂಗಳು ನಿಮ್ಮ ಹೆಸರಿಗೆ ಬರೆಸಿದೀನಿ."

ಇನ್ನೊಂದು ತಿಂಗಳು! ಅವಳಿಗೆ ಕುಣಿಯುವಂತಾಯಿತು.

"ಪಾಪ, ಪಕ್ಕದ ಬೀದಿಯ ಟೀಚರ್ ಕಾಯ್ಬೇಕು ಅಷ್ಟೇ. ಬ್ಯಾಗ್ ಕಿತ್ಕೊಂಡು ಹೋದಾಗಿಂದ ಅವರು ಮನೆಯಿಂದಾಚೆ ಕಾಲಿಟ್ಟಿಲ್ಲ. ನಿಮ್ಮದು ಮುಗಿಯೋವರೆಗೂ ಅವರಿಗೆ ಮಂಗಳವಾರ ಸಿಗಲ್ಲ."

ಕುಣಿಯಲು ಹೊರಟ ಮನಸ್ಸು ಅಲ್ಲೇ ಕುಸಿಯಿತು. ಕೈ ನಡುಗುವುದೆಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲವೇ?

"ಸೊನ್ನೆ!" ಎಂದಳು.

"ಏನು?"

"ನನ್ನ ಭಯ ಸೊನ್ನೆ! ಐದು ವಾರದಿಂದ ಸೊನ್ನೆ! ನೀವು ಬರೋದು ನಿಂತೋಗುತ್ತೆ ಅಂತ ಸುಳ್ಳು ಹೇಳ್ದೆ... ಫಾರಂ ಕೊಡಿ, ಸೈನ್ ಹಾಕ್ತೀನಿ. ಟೀಚರ್ ಹತ್ರ ಹೋಗಿ. ಈಗ್ಲೇ ಹೋಗಿ!"

ಅವನು ಸೈನ್ ಹಾಕಿಸಿಕೊಂಡ. ಫೈಲ್ ಎತ್ತಿಕೊಂಡು ಜೀಪು ಹತ್ತಿ ಹೋಗಿಯೇಬಿಟ್ಟ.

"ಹೋದ್ನಾ? ಇವತ್ತು ಶುಂಠಿ ಬೇರೆ ಹಾಕಿದ್ನಲ್ಲೇ ಪುಟ್ಟೀ..." ಅಜ್ಜಿಯ ಟೀಯನ್ನು ಅವಳೇ ಅಳುತ್ತಾ ಕುಡಿದಳು.

ಶನಿವಾರ ಬೆಳಿಗ್ಗೆ ಒಬ್ಬಳೇ ಷಟರ್ ಎತ್ತಿದಳು. ಕೈ ನಡುಗಲಿಲ್ಲ. ಆದರೆ ರಸ್ತೆಯಾಚೆ, ಮೂರನೇ ವಾರ ನಿಂತಿದ್ದ ಜಾಗದಲ್ಲೇ, ಅವನು ನಿಂತಿದ್ದ! ಯೂನಿಫಾರಂ ಇಲ್ಲ. ಹೊಸ ಅಂಗಿ, ಕಾಲರಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

ಹತ್ತಿರ ಬಂದವನು ಅವಳ ಕೈಯಲ್ಲಿದ್ದ ಬಾಟಲಿ ನೋಡಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. "ಇವತ್ತು ನನಗೆ ರಜೆ. ಬಸ್ಸಲ್ಲಿ ಬಂದೆ."

"ಯಾಕೆ?"

"ಟೀ ಕುಡಿಯೋಕೆ. ಫೈಲ್ ಮುಗಿಯೋವರೆಗೂ ಆ ಮನೇಲಿ ಒಂದು ಲೋಟ ನೀರೂ ಮುಟ್ಟಬಾರದು ಅಂತ ನಮಗೆ ರೂಲ್ಸು. ಬೇರೆ ಮಾತಂತೂ ಆಡೋ ಹಾಗೇ ಇಲ್ಲ. ಯಾವಾಗ ಒಂದಕ್ಕೆ ಇಳೀತೀರೋ ಅಂತ ನಾನು ಕಾಯ್ತಾ ಇದ್ರೆ... ನೀವು ವಾರವಾರ ಏರಿಸ್ತಾ ಹೋದ್ರಿ!"

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ಮತ್ತೆ... ಆ ಟೀಚರ್?"

"ಮಂಗಳವಾರಾನೇ ಗೇಟಿನವರೆಗೂ ಬಂದ್ರು."

"ಒಳಗೆ ಕರ್ಕೊಂಡು ಬಾರೇ, ಹಾಲು ಉಕ್ಕುತ್ತಿದೆ!" ಎಂದರು ಅಜ್ಜಿ ಒಳಗಿನಿಂದ.

ಅವಳು ಅವನ ಕೈ ಹಿಡಿದಳು. ಅರೆ, ನಡುಗುತ್ತಿದೆ!

"ಹತ್ತಕ್ಕೆ ಎಷ್ಟು?" ಎಂದಳು ಮೆಲ್ಲಗೆ.

"ಒಂಬತ್ತು... ನೀವು ಬೇಡ ಅಂದ್ಬಿಟ್ರೆ ಅಂತ."

"ಬೇಡ ಅನ್ನೋಳು ಸುಳ್ಳು ಹೇಳ್ತಿದ್ಳಾ? ದಿನಾ ಬನ್ನಿ, ತಾನಾಗೇ ಇಳಿಯುತ್ತೆ."

"ಸೊನ್ನೆಗೆ ಬಂದ್ಮೇಲೆ?"

"ಆಮೇಲೂ ಬನ್ನಿ. ಈ ಫೈಲ್ ನಾನು ಯಾವತ್ತೂ ಕ್ಲೋಸ್ ಮಾಡಲ್ಲ."