ಕೇರಂ ಜೋಡಿಯ ಫ್ಲೆಕ್ಸ್

ನನ್ನ ಮದುವೆಯ ಸುದ್ದಿ ನನಗೆ ಹಾಲು ತರಲು ಹೋದಾಗ ತಿಳಿಯಿತು.

ಹೊಸಹಳ್ಳಿ ಮೆಟ್ರೋ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹಾಲು ಮತ್ತು ಕಾಫಿ ಮಾರುವ ಇಂದ್ರಮ್ಮ, ಪ್ಯಾಕೆಟ್ಟನ್ನು ಕೈಗೆ ಕೊಡುತ್ತಾ, ನಮಗೊಂದು ಮಾತು ಹೇಳಬಾರದಿತ್ತೇ ಎಂದು ನೊಂದುಕೊಂಡಳು. ಏನನ್ನು ಎಂದು ಕೇಳಿದೆ. ಅವಳು ಸರ್ಕಲ್ ಕಡೆಗೆ ಗದ್ದ ಎತ್ತಿ ತೋರಿಸಿದಳು.

ಅಲ್ಲಿ ಹತ್ತಡಿ ಎತ್ತರದ ಫ್ಲೆಕ್ಸಿನಲ್ಲಿ ನಾನು ನಗುತ್ತಿದ್ದೆ. ನನ್ನ ಪಕ್ಕದಲ್ಲಿ ಕಲಾವತಿ ನಗುತ್ತಿದ್ದರು. ಸುತ್ತಲೂ ಚಿನ್ನದ ಬಣ್ಣದ ಚೌಕಟ್ಟು, ನಾಲ್ಕು ಮೂಲೆಯಲ್ಲಿ ಗುಲಾಬಿ, ಕೆಳಗೆ ಕೊಕ್ಕಿಗೆ ಕೊಕ್ಕು ತಾಗಿಸಿದ ಎರಡು ಹಂಸ. ‘ನಮ್ಮ ಹೆಮ್ಮೆಯ ಜೋಡಿಗೆ ಹಾರ್ದಿಕ ಶುಭಾಶಯಗಳು’ ಎಂದು ದೊಡ್ಡದಾಗಿ ಬರೆದಿತ್ತು. ‘ಹಿರಿಯರ ಕೇರಂ ಡಬಲ್ಸ್ ಫೈನಲ್ ತಲುಪಿದ ಸಂದರ್ಭದಲ್ಲಿ’ ಎಂಬ ಸಾಲೂ ಇತ್ತು. ಅದನ್ನು ಹೊಂಗೆಮರದ ಕೊಂಬೆಯೊಂದು ಪೂರ್ತಿ ಮುಚ್ಚಿತ್ತು.

ನನಗೆ ಅರವತ್ತನಾಲ್ಕು ವರ್ಷ. ಕಲಾವತಿಗೆ ಐವತ್ತೇಳು.

ನಾನು ನಾಗೇಂದ್ರ, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತನಾದವನು. ಹೆಂಡತಿ ರಾಮಕ್ಕ ಹೋಗಿ ನಾಲ್ಕು ವರ್ಷವಾಯಿತು. ಅವಳಿದ್ದಾಗ ಊಟದ ನಂತರ ಇಬ್ಬರೂ ಒಂದು ಬೋರ್ಡ್ ಕೇರಂ ಆಡುತ್ತಿದ್ದೆವು. ಅವಳು ಹೋದ ಮೇಲೆ ಬೋರ್ಡು ಗೋಡೆಗೆ ಒರಗಿ ನಿಂತಿತು. ಒಂದು ಶನಿವಾರ ಆಂಜನೇಯನಿಗೆ ಪ್ರದಕ್ಷಿಣೆ ಹಾಕುವಾಗ, ಅದನ್ನು ಹಾಗೆ ನಿಲ್ಲಿಸಿರುವುದು ತಪ್ಪು ಎಂದು ತೋರಿತು. ಗುಡಿಯ ಎದುರಿನ ಪಾರ್ಕಿನ ಮಂಟಪಕ್ಕೆ ತಂದಿಟ್ಟೆ.

ಆಡಲು ಬಂದವರಲ್ಲಿ ಕಲಾವತಿ ಒಬ್ಬರೇ ಹೆಂಗಸು. ಅವರು ಕೈಗಡಿಯಾರದ ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಮಧ್ಯಾಹ್ನದ ಬಿಡುವಿನಲ್ಲಿ ಕೇರಂ ಕಲಿತವರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ಕಾಲ ಕಳೆದುಹೋಗಿತ್ತು. ಅಣ್ಣ ಬೆಟ್ಟಯ್ಯನವರ ಮನೆಯ ಮಹಡಿಯಲ್ಲಿದ್ದರು. ಮೊದಲ ದಿನವೇ ನನ್ನನ್ನು ಸೋಲಿಸಿದರು. ಎರಡನೆಯ ದಿನ ಜೊತೆಗಾರರಾದೆವು.

ಡಬಲ್ಸ್ ಆಟದಲ್ಲಿ ಜೊತೆಗಾರರು ಪಕ್ಕದಲ್ಲಿ ಕೂರುವುದಿಲ್ಲ, ಎದುರೆದುರು ಕೂರುತ್ತಾರೆ. ಒಂದು ಬೋರ್ಡ್, ಎಂದರೆ ಒಂದು ಸುತ್ತು, ಮುಗಿಯುವ ತನಕ ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಮಾತಾಡಿದರೆ ಫೌಲ್; ಗಳಿಸಿದ ಕಾಯಿನ್ ಒಂದು ಬೋರ್ಡಿಗೆ ಹಿಂದಿರುಗುತ್ತದೆ. ಹೀಗೆ ಎರಡು ವರ್ಷ, ಮಾತಿಲ್ಲದೆ, ಅವರನ್ನು ನೋಡುವುದೇ ನನ್ನ ಕೆಲಸವಾಗಿತ್ತು.

ಗುರಿ ಹಿಡಿಯುವ ಮೊದಲು ಅವರು ಕನ್ನಡಕವನ್ನು ಮಣಿಕಟ್ಟಿನ ಹಿಂಭಾಗದಿಂದ ಮೇಲಕ್ಕೆ ತಳ್ಳುತ್ತಿದ್ದರು. ಬೆರಳಿನ ಪೌಡರ್ ಗಾಜಿಗೆ ತಾಗಬಾರದೆಂಬ ಎಚ್ಚರ. ಆದರೂ ಒಂದು ಚೂರು ಬಿಳುಪು ಮೂಗುಬೊಟ್ಟಿನ ಪಕ್ಕದಲ್ಲಿ ಉಳಿಯುತ್ತಿತ್ತು. ಬೋರ್ಡ್ ಮುಗಿದ ಮೇಲೆ ನಾನು ಅದನ್ನು ಹೇಳಬೇಕು. ಕೆಲವು ದಿನ ಹೇಳುತ್ತಿರಲಿಲ್ಲ.

ನಾನು ಸುಲಭದ ಕಾಯಿನ್ ತಪ್ಪಿಸಿದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕಾಫಿ ಲೋಟವನ್ನು ನೋಡುತ್ತಿದ್ದರು. ಮುಂದಿನ ಕಾಫಿ ನಾನು ಕೊಡಿಸಬೇಕು ಎಂದು ಅದರ ಅರ್ಥ. ಕೊನೆಕೊನೆಗೆ ನಾನು ಬೇಕೆಂದೇ ತಪ್ಪಿಸುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಅಭಿಮಾನಿಗಳಿಂದ. ಮೊಬೈಲ್ ಅಂಗಡಿಯ ಬಾಳೇಶ ಕೇರಂ ಹುಚ್ಚಿನವನು. ಕಲಾವತಿ ಕೆಂಪು ಕಾಯಿನ್ ಹಾಕಿದ್ದನ್ನು ಒಂದು ದಿನ ವೀಡಿಯೋ ಮಾಡಿ ಎಲ್ಲರಿಗೂ ಕಳಿಸಿದ. ಮರುವಾರಕ್ಕೆ ಇಪ್ಪತ್ತು ಜನ, ಮುಂದಿನ ತಿಂಗಳಿಗೆ ಒಂದೇ ಬಣ್ಣದ ಟೀ ಶರ್ಟ್, ಆಮೇಲೆ ‘ಕಲಾವತಿ ನಾಗೇಂದ್ರ ಕೇರಂ ಅಭಿಮಾನಿ ಬಳಗ’. ಕಲಾವತಿ ಒಮ್ಮೆ ಸ್ಟ್ರೈಕರ್ ಮೇಲಿನ ಧೂಳು ಊದಿದರು; ಅಂದಿನಿಂದ ಬಳಗದವರೆಲ್ಲ ಊದಿಯೇ ಆಡತೊಡಗಿದರು. ನನ್ನ ಒಡೆದ ಸ್ಟ್ರೈಕರನ್ನು ಒಬ್ಬನು ಗಾಜಿನ ಡಬ್ಬಿಯಲ್ಲಿಟ್ಟ. ಸೆಮಿಫೈನಲ್ ಗೆದ್ದ ಅಂಗಿಯನ್ನೇ ನಾನು ಫೈನಲ್ ತನಕ ತೊಡಬೇಕು, ಒಗೆಯಲೂ ಬಾರದು ಎಂದು ನಿಯೋಗ ಬಂದಿತು. ಒಗೆಯುವೆನೆಂದು ಖಂಡಿತವಾಗಿ ಹೇಳಿ ಕಳಿಸಿದೆ.

ಫ್ಲೆಕ್ಸ್ ನೋಡಲು ನಾನು ಸರ್ಕಲ್ಲಿಗೆ ಹೋದಾಗ ಬಾಳೇಶ ಏಣಿಯ ಮೇಲಿದ್ದ. ಕೈಯಲ್ಲಿ ಹಾಲಿನ ಪ್ಯಾಕೆಟ್ಟುಗಳು. ನಮ್ಮ ತಲೆಯ ಮೇಲೆ ಅಭಿಷೇಕ ಮಾಡಲು ಸಿದ್ಧನಾಗಿದ್ದ.

ನಾನು ಏಣಿಯನ್ನು ಹಿಡಿದು ಹೇಳಿದೆ: “ಇಳಿಯಯ್ಯ. ಹಾಲು ದೇವರಿಗೆ ಎರೆಯೋದು. ನನ್ನ ಮೂಗಿನ ಮೇಲೆ ಒಂದು ಹನಿ ಬಿದ್ರೂ ಭಾನುವಾರದ ಫೈನಲ್ ನಾನು ಆಡೋಲ್ಲ.”

ಅಷ್ಟರಲ್ಲಿ ಕಲಾವತಿ ಬಂದರು. ಬಾಳೇಶನ ಕೈಯಿಂದ ಪ್ಯಾಕೆಟ್ಟುಗಳನ್ನೆಲ್ಲ ತೆಗೆದುಕೊಂಡು, ಇವರಿಗೆಲ್ಲ ಕಾಫಿ ಕಾಯಿಸು ಎಂದು ಇಂದ್ರಮ್ಮನಿಗೆ ಕೊಟ್ಟರು. ಬಾಳೇಶ ತಪ್ಪೊಪ್ಪಿಕೊಂಡ. ಎರಡು ಫೋಟೋ ಅಕ್ಕಪಕ್ಕ ಹಾಕುವ ನಮೂನೆ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆಯದ್ದು ಮಾತ್ರ ಇತ್ತಂತೆ.

ಕಲಾವತಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಫ್ಲೆಕ್ಸನ್ನು ಬಹಳ ಹೊತ್ತು ನೋಡಿದರು. ಅದನ್ನು ಇಳಿಸು ಎನ್ನುತ್ತಾರೆಂದು ಎಲ್ಲರೂ ಕಾದರು.

“ಹಂಸ ಚೆನ್ನಾಗಿದಾವೆ,” ಎಂದರು.

ನಾನೂ ಇಳಿಸು ಎನ್ನಲಿಲ್ಲ.

ಸಂಜೆ ಬೆಟ್ಟಯ್ಯನವರು ನನ್ನನ್ನೂ ಬಾಳೇಶನನ್ನೂ ಮನೆಗೆ ಕರೆಸಿದರು. ಅವರು ಕೆಟ್ಟವರಲ್ಲ. ಹೇರೋಹಳ್ಳಿಯ ನೆಂಟರು ಬೆಳಗಿನಿಂದ ಫೋನ್ ಮಾಡಿ, ಈ ವಯಸ್ಸಿನಲ್ಲಿ ತಂಗಿಗೆ ಮದುವೆಯಂತೆ, ನಿಜವೇ ಎಂದು ಹಂಗಿಸುತ್ತಿದ್ದರು. ಅದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ಬಾಳೇಶ ಅಲ್ಲೇ ಒಂದು ಉಪಾಯ ಹೂಡಿದ. ಭಾನುವಾರ ಫೈನಲ್ ಮುಗಿದ ಕೂಡಲೇ ಕಲಾವತಿ ಅಕ್ಕ ವೇದಿಕೆಯ ಮೇಲೆ ನನಗೆ ರಾಖಿ ಕಟ್ಟಲಿ, ತಾನು ಲೈವ್ ಬಿಡುತ್ತೇನೆ, ಅಣ್ಣ ತಂಗಿ ಎಂದಾದ ಮೇಲೆ ಯಾರೂ ಬಾಯಿ ತೆರೆಯುವುದಿಲ್ಲ ಎಂದ. ಬೆಟ್ಟಯ್ಯನವರಿಗೆ ಅದು ಒಪ್ಪಿಗೆಯಾಯಿತು. ಆಮೇಲೆ ಪಾರ್ಕಿನ ಆಟ ಸಾಕು ಎಂದೂ ಸೇರಿಸಿದರು. ನಿಮ್ಮದೇನು ಎಂದು ನನ್ನನ್ನು ಕೇಳಿದರು.

ಕಲಾವತಿ ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದರು. ನನ್ನ ಸರದಿಗೆ ಕಾಯುವಾಗ ನೋಡುವಂತೆಯೇ ನೋಡುತ್ತಿದ್ದರು. ಬೇಡ ಎಂಬ ಒಂದು ಮಾತು ಸಾಕಾಗಿತ್ತು. ಅದು ನನ್ನ ಬಾಯಿಂದ ಬರಲಿಲ್ಲ. ಅಷ್ಟು ಸುಲಭದ ಕಾಯಿನನ್ನು ನಾನು ಜನ್ಮದಲ್ಲಿ ತಪ್ಪಿಸಿರಲಿಲ್ಲ. ಈ ಸಲ ಅವರು ನನ್ನ ಲೋಟದ ಕಡೆ ನೋಡಲೂ ಇಲ್ಲ. ತಟ್ಟೆಯನ್ನು ಕೆಳಗಿಟ್ಟು ಒಳಗೆ ಹೋದರು.

ಮೂರು ದಿನ ಅವರು ಪಾರ್ಕಿಗೆ ಬರಲಿಲ್ಲ. ಶನಿವಾರ ನಾನು ಆಂಜನೇಯನ ಮುಂದೆ ನಿಂತೆ. ಏನನ್ನಾದರೂ ಬೇಡಿಕೊಳ್ಳುವುದಕ್ಕೆ ನಾಚಿಕೆಯಾಯಿತು. ದಿನಾ ಅವನ ಹೆಸರು ಹೇಳಿಕೊಂಡು ಗುಡಿ ಸುತ್ತುವವನು ಸರ್ಕಲ್ಲಿನ ನಾಲ್ಕು ಜನರಿಗೆ ಹೆದರಿದ್ದೆ. ಮನೆಗೆ ಬಂದು ರಾಮಕ್ಕನ ಫೋಟೋದ ಗಾಜು ಒರೆಸಿದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಹೇಳಿದ ಮೇಲೆ ಹಗುರವಾಯಿತು.

ಭಾನುವಾರ ಮಂಟಪದ ಸುತ್ತ ಕಾಲಿಡಲು ಜಾಗವಿರಲಿಲ್ಲ. ತಮಟೆ ಬಂದಿತ್ತು. ರಾಖಿ ಹಬ್ಬ ಕಳೆದು ಎಷ್ಟೋ ದಿನವಾಗಿದ್ದರೂ ಬಾಳೇಶ ಎಲ್ಲಿಂದಲೋ ಒಂದು ರಾಖಿ ಹುಡುಕಿ ತಂದು, ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟು, ಬೋರ್ಡಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದ. ಬೆಟ್ಟಯ್ಯನವರು ಮುಂದಿನ ಕುರ್ಚಿಯಲ್ಲಿದ್ದರು. ಅಂಪೈರ್ ಕೊಟ್ರಪ್ಪನವರು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ನಗುವುದನ್ನು ಕಲಿಯದವರು. ಎದುರಾಳಿಗಳು ಕೆಂಗೇರಿಯ ಅಣ್ಣತಮ್ಮಂದಿರು.

ಕೊನೆಯ ಬೋರ್ಡಿನಲ್ಲಿ ನಮ್ಮದು ಒಂದೇ ಬಿಳಿ ಕಾಯಿನ್ ಉಳಿದಿತ್ತು, ಅದೂ ಪಾಕೆಟ್ಟಿನ ಬಾಯಲ್ಲಿ. ಕಲಾವತಿಯ ಸರದಿ. ಅವರು ಮಣಿಕಟ್ಟಿನಿಂದ ಕನ್ನಡಕ ಮೇಲೆ ತಳ್ಳಿದರು. ಸ್ಟ್ರೈಕರ್ ಇಟ್ಟರು. ಬೆರಳು ಮಡಿಸಿದರು. ಆಮೇಲೆ ಬೆರಳು ಬಿಡಿಸಿ ನನ್ನನ್ನು ನೋಡಿದರು.

“ನಾಗೇಂದ್ರ ಅವರೇ, ಆ ರಾಖಿ ನಿಮಗೆ ಕಟ್ಟೋಕೆ ನಂಗಿಷ್ಟ ಇಲ್ಲ.”

ತಮಟೆ ನಿಂತಿತು. ಫೌಲ್ ಎಂದರು ಕೊಟ್ರಪ್ಪನವರು. ನಮ್ಮ ಒಂದು ಬಿಳಿ ಕಾಯಿನ್ ಬೋರ್ಡಿನ ನಡುವೆ ಬಂದು ಕುಳಿತಿತು.

ನನ್ನ ಕಿವಿ ಬಿಸಿಯಾಗಿತ್ತು. ಆದರೆ ಈ ಸಲ ಬಾಯಿ ಬಂದಿತು.

“ನಂಗೂ ಕಟ್ಟಿಸ್ಕೊಳ್ಳೋಕೆ ಇಷ್ಟ ಇಲ್ಲ. ಅವತ್ತು ನಿಮ್ಮನೇಲಿ ಸುಮ್ನಿದ್ದೆ. ತಪ್ಪು ನಂದು.”

ಇನ್ನೊಂದು ಕಾಯಿನ್. ಬಾಳೇಶ ಎರಡೂ ಕೈ ಮುಗಿದು, ಇನ್ನು ಮೂರೇ ಕಾಯಿನ್ ಅಕ್ಕಾ, ಆಟ ಮುಗಿಸಿ ಮಾತಾಡಿ ಎಂದು ಬೇಡಿಕೊಂಡ. ಇಷ್ಟು ದಿನ ನಮ್ಮ ಕಿವಿಯಲ್ಲಿ ಕೂಗಿದವರು ಈಗ ನಮ್ಮನ್ನು ಸುಮ್ಮನಿರಿ ಎನ್ನುತ್ತಿದ್ದರು.

ಕಲಾವತಿ ಅವನ ಕಡೆ ತಿರುಗಲಿಲ್ಲ. “ಏನು ಇಷ್ಟ ಇಲ್ಲ ಅಂತ ಹೇಳಿದ್ರಿ. ಏನಿಷ್ಟ ಅಂತಾನೂ ಹೇಳಿ.”

ಮೂರನೆಯ ಕಾಯಿನ್.

“ಈ ಗುಡೀಲೇ ತಾಳಿ ಕಟ್ತೀನಿ. ಮನೆಗೆ ಬನ್ನಿ. ಹಾಲ್‌ನಲ್ಲಿ ರಾಮಕ್ಕನ ಫೋಟೋ ಇದೆ, ಅದನ್ನ ಮಾತ್ರ ತೆಗೆಯೋಲ್ಲ.”

ನಾಲ್ಕು.

“ತೆಗೀರಿ ಅಂತ ಯಾರು ಕೇಳಿದ್ರು? ಅದಕ್ಕೆ ದಿನಾ ಹೂವು ನಾನೇ ಮುಡಿಸ್ತೀನಿ.”

ಐದನೆಯ ಕಾಯಿನನ್ನು ಕೊಟ್ರಪ್ಪನವರು ಮೆಲ್ಲಗೆ ಇಟ್ಟರು. ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇಲ್ಲ ಸಾರ್ ಎಂದೆ. ಅದು ತಮಗೆ ಹೇಳಿದ ಮಾತು, ಅದಕ್ಕೆ ಫೌಲ್ ಇಲ್ಲ ಎಂದರು.

ಕೆಂಗೇರಿಯವರು ಎರಡೇ ಸರದಿಯಲ್ಲಿ ಬೋರ್ಡ್ ಮುಗಿಸಿದರು. ಗೆದ್ದ ಅಣ್ಣತಮ್ಮಂದಿರ ಕಡೆ ಯಾರೂ ನೋಡಲಿಲ್ಲ. ಪಾಪ, ಅವರೇ ಮೊದಲು ಬಂದು ನನ್ನ ಕೈ ಕುಲುಕಿದರು.

ಬಾಳೇಶ ರಾಖಿ ತಟ್ಟೆ ಹಿಡಿದುಕೊಂಡು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಕಲಾವತಿ ಎದ್ದು ಅವನ ಮುಂದೆ ಹೋದರು. ಅಕ್ಕ ಅಕ್ಕ ಎಂದು ಊರೆಲ್ಲ ಕೂಗುವವನು ನೀನು, ಕೈ ನೀಡು ಎಂದರು. ರಾಖಿ ಕಟ್ಟಿ, ಕುಂಕುಮವಿಟ್ಟರು. ಅವನ ಕಣ್ಣು ತುಂಬಿಬಂದಿತು.

ಅಷ್ಟರಲ್ಲಿ ಬೆಟ್ಟಯ್ಯನವರ ಫೋನ್ ಬಡಿದುಕೊಂಡಿತು. ಬಾಳೇಶ ಆಟ ಶುರುವಾದಾಗಲೇ ಬಿಟ್ಟಿದ್ದ ಲೈವ್ ಹೋಗುತ್ತಲೇ ಇತ್ತು; ಹೇರೋಹಳ್ಳಿಯವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೆಟ್ಟಯ್ಯನವರು ಫೋನನ್ನು ಕೈಯಲ್ಲಿ ಹಿಡಿದು ತಂಗಿಯನ್ನು ನೋಡಿದರು. ಕಲಾವತಿ ತಲೆ ತಗ್ಗಿಸಲಿಲ್ಲ. ತಾಯಿಗೆ ಹತ್ತು ವರ್ಷ ಗಂಜಿ ಕುಡಿಸಿದ ಕೈ, ಪೌಡರ್ ಅಂಟಿಕೊಂಡು, ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಬೆಟ್ಟಯ್ಯನವರು ಆ ಕೈಯನ್ನೇ ನೋಡುತ್ತಾ ಫೋನನ್ನು ಕಿವಿಗಿಟ್ಟುಕೊಂಡರು.

“ಹೂಂ, ನಿಜಾನೇ. ಫ್ಲೆಕ್ಸ್ ಹಾಕ್ಸಿದೀವಲ್ಲ, ನೋಡ್ಲಿಲ್ವಾ?” ಎಂದರು.

ನಾವು ಗುಡಿಗೆ ಹೋಗಿ ಮಂಗಳಾರತಿ ತೆಗೆದುಕೊಂಡು ಸರ್ಕಲ್ ಕಡೆಯಿಂದ ನಡೆದು ಬಂದೆವು. ಮೂಗುಬೊಟ್ಟಿನ ಪಕ್ಕ ಪೌಡರ್ ಇದೆ ಎಂದು ಹೇಳಿದೆ. ಬೆಳಗಿನಿಂದ ಇದ್ದಿರಬೇಕು, ನೀವು ಯಾವಾಗ ಸರಿಯಾಗಿ ಹೇಳಿದ್ದೀರಿ ಎಂದರು. ಒರೆಸಿಕೊಳ್ಳಲಿಲ್ಲ.

ಬಾಳೇಶ ಕತ್ತಿ ಹಿಡಿದು ಮತ್ತೆ ಏಣಿಯ ಮೇಲಿದ್ದ. ಕೊಂಬೆ ಕಡಿದರೆ ಕೇರಂ ಎಂಬ ಸಾಲು ಎಲ್ಲರಿಗೂ ಕಾಣುತ್ತದೆ, ಆಗ ಯಾರೂ ತಪ್ಪು ತಿಳಿಯುವುದಿಲ್ಲ ಎಂದ.

ಕಲಾವತಿ ಏಣಿಯ ಕೆಳಗೆ ನಿಂತು ಮೇಲೆ ನೋಡಿದರು.

“ಇಳಿಯೋ ಬಾಳೇಶ,” ಎಂದರು. “ಆ ಕೊಂಬೆ ಮುಟ್ಟಬೇಡ.”